ಜೋಡಿಯಾಗಿ ಅಡಿಗೆ ಕಲಿಯುವುದು ಎಲ್ಲಿ?

ಪ್ರಶ್ನೆ: ಬ್ಯಾಂಕಿನ ವರ್ಗಾವಣೆಯ ಮೇಲೆ ಸಾಗರಕ್ಕೆ ಬಂದು ಒಂದು ವರ್ಷವಾಯಿತು. ನಮ್ಮದು ಧಾರವಾಡದ ಕಡೆ. ನನಗೂ ನನ್ನ ಹೆಂಡತಿಗೂ ಅಡಿಗೆಯೆಂದರೆ ಇಷ್ಟ. ಬೆಂಗಳೂರಿನಲ್ಲಿದ್ದಾಗ ಒಂದು ಭಾನುವಾರ ಗಂಡ-ಹೆಂಡತಿ ಜೊತೆಯಾಗಿ ಕಲಿಯುವ ಅಡಿಗೆ ತರಗತಿಗೆ ಹೋಗಿದ್ದೆವು, ಬಹಳ ಖುಷಿಯಾಗಿತ್ತು. ಅಂಥದ್ದು ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಮುತ್ತ ಎಲ್ಲಿದೆ? ನಮಗೆ ಹೋಟೆಲ್ ಇಡುವ ಉದ್ದೇಶವಿಲ್ಲ, ಸರ್ಟಿಫಿಕೇಟೂ ಬೇಡ. ಇಲ್ಲಿಯ ಅಡಿಗೆ ಕಲಿತು ಮನೆಯಲ್ಲಿ ಮಾಡಿಕೊಂಡು ಉಣ್ಣಬೇಕು, ಅಷ್ಟೆ. ಪರಿಚಯದವರನ್ನು ಕೇಳಿದರೆ ನಗುತ್ತಾರೆ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಅಂಕಣಕ್ಕೆ ಅಡಿಕೆಯ ಕೊಳೆರೋಗ, ಪಹಣಿ ತಿದ್ದುಪಡಿ, ಮಕ್ಕಳ ಕಾಲೇಜು ಸೀಟು ಇವುಗಳ ಬಗ್ಗೆಯೇ ಹೆಚ್ಚು ಪತ್ರ ಬರುವುದು. ಗಂಡ-ಹೆಂಡತಿ ಜೊತೆಯಾಗಿ ಅಡಿಗೆ ಕಲಿಯಬೇಕು ಎಂದು ಬರೆದವರಲ್ಲಿ ನೀವೇ ಮೊದಲಿಗರು. ನಗುವವರ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. "ಅಡಿಗೆ ಕಲಿಯಕ್ಕೆ ಎಂಥ ಕ್ಲಾಸು ಮಾರಾಯ್ರೆ?" ಎಂದು ಅವರು ಕೇಳಿದರೆ ಅದರಲ್ಲಿ ನಿಮ್ಮ ಬಗ್ಗೆ ಹಗುರವಿಲ್ಲ. ದಿನವೂ ಮಾಡುವ ತಂಬುಳಿ, ಹುಳಿಗೆ ಯಾರಾದರೂ ಫೀಸು ಕೊಟ್ಟಾರೆಯೇ ಎಂಬ ಸೋಜಿಗ ಅಷ್ಟೆ. ಆ ಸೋಜಿಗದಲ್ಲಿಯೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವೂ ಇದೆ.

ನಿಮ್ಮ ಸಂಶಯವನ್ನು ಹೀಗೆ ಬಿಡಿಸಿಕೊಳ್ಳುತ್ತೇನೆ. ಇಲ್ಲಿ ಅಡಿಗೆ ಹೇಳಿಕೊಡುವವರು ಇದ್ದಾರೆಯೇ? ಇದ್ದರೆ ಇಬ್ಬರೂ ಒಟ್ಟಿಗೆ ಹೋಗಬಹುದೇ? ವ್ಯಾಪಾರದ ಉದ್ದೇಶವಿಲ್ಲದೆ ಬರೀ ಆಸೆಗೆ ಕಲಿಯುವವರನ್ನು ಸೇರಿಸಿಕೊಳ್ಳುತ್ತಾರೆಯೇ? ಮೂರಕ್ಕೂ ಹೌದು ಎನ್ನಬಹುದು. ಆದರೆ ನೀವು ಬೆಂಗಳೂರಿನಲ್ಲಿ ನೋಡಿದ ರೂಪದಲ್ಲಿ ಅಲ್ಲ. ಪ್ರತಿ ಭಾನುವಾರ ಹತ್ತು ಗಂಟೆಗೆ ಬಾಗಿಲು ತೆರೆದು, ಏಪ್ರನ್ ಕಟ್ಟಿಸಿ, ಹೆಚ್ಚಿಟ್ಟ ತರಕಾರಿ ಮುಂದಿಟ್ಟು ಕಲಿಸುವ ಜಾಗವನ್ನು ಈ ಮೂರು ತಾಲ್ಲೂಕಿನಲ್ಲಿ ಹುಡುಕುತ್ತ ಹೊರಟರೆ ಬರಿಗೈಯಲ್ಲಿ ಮನೆಗೆ ಬರುವ ಸಂಭವವೇ ಹೆಚ್ಚು. ಇಲ್ಲಿ ಅಡಿಗೆ ಕಲಿಯುವುದೆಂದರೆ ಯಾವುದೋ ಮನೆಯಲ್ಲಿ ಯಾವುದೋ ಕೆಲಸ ನಡೆಯುತ್ತಿರುವಾಗ ಹೋಗಿ ಕೈ ಸೇರಿಸುವುದು. ಆದ್ದರಿಂದ "ಕ್ಲಾಸು ಎಲ್ಲಿ?" ಎಂದು ಕೇಳುವ ಬದಲು "ಹಪ್ಪಳ ಯಾವಾಗ ಮಾಡುತ್ತೀರಿ, ನಾವೂ ಬರಬಹುದೇ?" ಎಂದು ಕೇಳಿ ನೋಡಿ. ಆಗ ಯಾರೂ ನಗುವುದಿಲ್ಲ.

ಕಲಿಸುವ ಪರಂಪರೆ ಈ ಊರುಗಳಿಗೆ ಹೊಸದೇನೂ ಅಲ್ಲ. ನಿಮ್ಮ ಸಾಗರದಿಂದ ಸ್ವಲ್ಪ ದೂರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆದು, ನಾಟಕವನ್ನು ಹಳ್ಳಿಯಲ್ಲಿ ಕೂತು ಕ್ರಮವಾಗಿ ಕಲಿಸಬಹುದು ಎಂದು ತೋರಿಸಿತು. ಅಡಿಗೆಯನ್ನು ಬರೆದಿಡುವ ಅಭ್ಯಾಸ ಇನ್ನೂ ಹಳೆಯದು. 11ನೇ ಶತಮಾನದ ಎರಡನೇ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡಿಗೆಗೆ ಒಂದು ಭಾಗವೇ ಇದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಎಂದು ಇಡೀ ಪುಸ್ತಕವನ್ನೇ ಬರೆದ. 18ನೇ ಶತಮಾನದ ಆರಂಭದಲ್ಲಿ ಕೆಳದಿಯ ಅರಸ ಬಸವಪ್ಪನಾಯಕ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಎಂಬ ವಿಶ್ವಕೋಶದಲ್ಲಿ ಪಾಕಶಾಸ್ತ್ರಕ್ಕೂ ಜಾಗ ಸಿಕ್ಕಿತು. ಆಗ ಕೆಳದಿ ಅರಸರ ರಾಜಧಾನಿ ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ನೀವು ವಿಚಾರಿಸುತ್ತಿರುವ ತಾಲ್ಲೂಕಿನಲ್ಲಿಯೇ ಮುನ್ನೂರು ವರ್ಷದ ಹಿಂದೆ ರಾಜನೊಬ್ಬ ಅಡಿಗೆಯನ್ನು ಶಾಸ್ತ್ರವೆಂದು ಎಣಿಸಿ ಗ್ರಂಥದಲ್ಲಿ ಸೇರಿಸಿದ್ದ. ನಗುವವರಿಗೆ ಬೇಕಾದರೆ ಇದನ್ನು ಹೇಳಿ.

ಹಾಗಿದ್ದರೂ ತರಗತಿ ಏಕೆ ಬೆಳೆಯಲಿಲ್ಲ? ನನಗೆ ಕಾಣುವಂತೆ, ಇಲ್ಲಿ ಅಡಿಗೆ ಎರಡಾಗಿ ಒಡೆದುಹೋಗಿದೆ. ಮದುವೆ, ಉಪನಯನ, ದೇವಸ್ಥಾನದ ಸಂತರ್ಪಣೆಯಂಥ ಸಾವಿರ ಜನರ ಅಡಿಗೆ ಗಂಡಸರ ಕೈಯಲ್ಲಿದೆ. ಆ ಅಡಿಗೆ ಭಟ್ಟರು ತಮ್ಮ ಕೈಕೆಳಗಿನ ಹುಡುಗರಿಗೆ ಕಲಿಸುತ್ತಾರೆ. ದಿನದ ಅಡಿಗೆ ಹೆಂಗಸರ ಕೈಯಲ್ಲಿದೆ. ಅದನ್ನು ತಾಯಿ ಮಗಳಿಗೆ, ಅತ್ತೆ ಸೊಸೆಗೆ ದಾಟಿಸುತ್ತಾರೆ. ಗಂಡ-ಹೆಂಡತಿ ಒಂದೇ ಒಲೆಯ ಮುಂದೆ ಒಟ್ಟಿಗೆ ನಿಂತು ಕಲಿಯುವ ಜಾಗ ಎರಡರಲ್ಲೂ ಇರಲಿಲ್ಲ. ನೀವು ಕೇಳುತ್ತಿರುವುದು ಹೊಸದು, ಹಾಗಾಗಿ ಜಾಗವನ್ನು ನೀವೇ ಸ್ವಲ್ಪ ಮಾಡಿಕೊಳ್ಳಬೇಕಾಗುತ್ತದೆ.

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ತಿಳಿಯಾಗಿಸುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿಯೇ ದಾರಿ ತಪ್ಪುತ್ತಾರೆ. "ಆಹಾರ ತಯಾರಿಕಾ ತರಬೇತಿ" ಎಂಬ ಪ್ರಕಟಣೆಗಳನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿನಿಸು, ಉಚಿತ ಊಟ ವಸತಿ ಎಂದೆಲ್ಲ ಇರುತ್ತದೆ. ಇದೇ ನಮಗೆ ಬೇಕಾದದ್ದು ಎಂದು ಅನ್ನಿಸುವುದು ಸಹಜ. ಆದರೆ ಅವು ಜೀವನೋಪಾಯದ ತರಬೇತಿಗಳು. 1982ರಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ನಿಮಗೆ ಬ್ಯಾಂಕಿನವರಾಗಿ ಗೊತ್ತೇ ಇರುತ್ತದೆ. ಅದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಅಲ್ಲಿಯ ಜಾಗ ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಮೀಸಲು. ಸಂಬಳ ಬರುವ ನಾವು ಹವ್ಯಾಸಕ್ಕಾಗಿ ಹೋಗಿ ಕೂತರೆ ಒಬ್ಬರ ಅನ್ನದ ದಾರಿಗೆ ಅಡ್ಡ ನಿಂತಂತೆ. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಕೂಡ ಕಿರು ಅವಧಿಯ ಶಿಬಿರಗಳನ್ನು ನಡೆಸುತ್ತದೆ. ಅವು ಹಣ ಕೊಟ್ಟು ಸೇರುವಂಥವು, ಹೆಚ್ಚಾಗಿ ಉದ್ಯಮ ಮಾಡುವವರಿಗಾಗಿ ಇರುವಂಥವು. ಅಲ್ಲಿ ಕಲಿಸುವುದು ಕೆಡದಂತೆ ಇಡುವ, ಡಬ್ಬಿ ಕಟ್ಟುವ ವಿಜ್ಞಾನ. ನಿಮ್ಮ ಶ್ರೀಮತಿಯವರು ಅಪ್ಪೆಹುಳಿ ಕಲಿಯಲು ಮೈಸೂರಿನ ತನಕ ಹೋಗುವ ಅಗತ್ಯವಿಲ್ಲ.

ನಡುವಿನ ಒಂದು ದಾರಿಯೂ ಇದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರ, 2012ರಲ್ಲಿ ಸ್ಥಾಪನೆಯಾದ, ಈಗ ಕೆಳದಿ ಶಿವಪ್ಪನಾಯಕನ ಹೆಸರು ಹೊತ್ತಿರುವ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇವೆರಡನ್ನೂ ಗಮನದಲ್ಲಿಡಿ. ವಿಶ್ವವಿದ್ಯಾಲಯದ ಮುಖ್ಯ ಆವರಣ ನಿಮ್ಮ ತಾಲ್ಲೂಕಿನ ಇರುವಕ್ಕಿಯಲ್ಲಿಯೇ ಇದೆ, ಆನಂದಪುರದ ಬದಿಗೆ. ಅಲ್ಲಿಯ ತರಬೇತಿ ರೈತರಿಗೆ, ರೈತ ಮಹಿಳೆಯರಿಗೆ. ಆದರೆ ಇಂಥ ಸಂಸ್ಥೆಗಳ ಮೇಳ, ಪ್ರಾತ್ಯಕ್ಷಿಕೆಗಳಿಗೆ ಸಾರ್ವಜನಿಕರು ಹೋಗಿ ನೋಡಬಹುದು. ಮೇಳಕ್ಕೆ ಹೋದಾಗ ತಿಂದು ಬರುವುದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಹಲಸಿನ ಹಪ್ಪಳವನ್ನೋ ಮಿಡಿ ಉಪ್ಪಿನಕಾಯಿಯನ್ನೋ ಮಾರುತ್ತ ಕೂತ ಸ್ತ್ರೀಶಕ್ತಿ ಸಂಘದವರ ಹತ್ತಿರ ಹತ್ತು ನಿಮಿಷ ನಿಂತು ಮಾತಾಡಿ, ಯಾವ ಊರು, ಎಲ್ಲಿ ಮಾಡುತ್ತಾರೆ, ಯಾವ ತಿಂಗಳು ಎಂದು ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಒಂದು ಮೇಳದಿಂದ ಸಿಗುವ ಹೆಚ್ಚಿನ ಲಾಭ ಇದೇ.

ಈಗ ನೇರವಾಗಿ ಜಾಗಗಳಿಗೆ ಬರೋಣ. ಇಬ್ಬರೂ ಒಟ್ಟಿಗೆ ಹೋಗಲು ಎಲ್ಲಕ್ಕಿಂತ ಸುಲಭವಾದದ್ದು ಹೋಂಸ್ಟೇ. ಮೂರೂ ತಾಲ್ಲೂಕಿನ ಹಳ್ಳಿಗಳಲ್ಲಿ ತೋಟದ ಮನೆಗಳು ಹೋಂಸ್ಟೇ ಆಗಿವೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತವಾದದ್ದೇ ಎಂದು ಮೊದಲು ನೋಡಿಕೊಳ್ಳಿ. ಆಮೇಲೆ ಒಂದು ಎಚ್ಚರಿಕೆ: ಚೆನ್ನಾಗಿ ಬಡಿಸುವ ಮನೆಗಳೆಲ್ಲ ಕಲಿಸುವ ಮನೆಗಳಲ್ಲ. ಒಮ್ಮೆ ನಾನೇ ಈ ತಪ್ಪು ಮಾಡಿದೆ. ಫೋನಿನಲ್ಲಿ "ಅಡಿಗೆ ನೋಡಬಹುದಾ?" ಎಂದು ಕೇಳಿ, ಹೌದು ಎಂದ ಮೇಲೆ ಹೋದೆ. ಅವರು ಅಡಿಗೆಮನೆಯ ಬಾಗಿಲ ತನಕ ಕರೆದುಕೊಂಡು ಹೋಗಿ ಪ್ರೀತಿಯಿಂದ ತೋರಿಸಿದರು. ನೋಡಬಹುದಾ ಎಂದು ಕೇಳಿದ್ದೆ, ನೋಡಿದ್ದಾಯಿತು! ತಪ್ಪು ನನ್ನ ಪ್ರಶ್ನೆಯದು. ಆದ್ದರಿಂದ ಬಿಡಿಸಿ ಕೇಳಿ. ಅಡಿಗೆ ಮಾಡುವವರು ಮನೆಯವರೋ, ಕೆಲಸಕ್ಕೆ ಬರುವವರೋ? ನಾವಿಬ್ಬರೂ ಜೊತೆಗೆ ನಿಂತು ಮಾಡಬಹುದೇ? ಬೆಳಿಗ್ಗೆ ಎಷ್ಟು ಹೊತ್ತಿಗೆ ಒಲೆ ಹಚ್ಚುತ್ತೀರಿ? ಅವತ್ತು ಬೇರೆ ಅತಿಥಿಗಳು ಎಷ್ಟು ಜನ? ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಜೋಗ ತುಂಬಿ ಸುರಿಯುವ ಮಳೆಗಾಲದ ಶನಿವಾರ ಭಾನುವಾರಗಳಲ್ಲಿ ಸಾಗರದ ಕಡೆಯ ಹೋಂಸ್ಟೇಗಳಲ್ಲಿ ಮನೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋದರೆ ಅದೇ ಮನೆಯಾಕೆ ನಿಮ್ಮ ಪಕ್ಕ ಕೂತು ಎಲೆ ಬಿಡಿಸುತ್ತ ಎಲ್ಲವನ್ನೂ ಹೇಳಿಕೊಡುತ್ತಾರೆ.

ಯಾವ ಕಡೆಗೆ ಹೋಗಬೇಕು ಎನ್ನುವುದು ಏನು ಕಲಿಯಬೇಕು ಎನ್ನುವುದರ ಮೇಲಿದೆ. ಹೊರಗಿನಿಂದ ಬಂದವರಿಗೆ "ಮಲೆನಾಡ ಅಡಿಗೆ" ಒಂದೇ ಎಂದು ತೋರುತ್ತದೆ. ಆದರೆ ಸಾಗರದ ಹವ್ಯಕರ ಮನೆಯ ತಂಬುಳಿ, ಅಪ್ಪೆಹುಳಿ, ಗೊಜ್ಜುಗಳ ಊಟವೇ ಬೇರೆ. ಅದೇ ಸಾಗರ, ಹೊಸನಗರದ ದೀವರ ಮನೆಯ ಮೀನು, ಏಡಿ, ಸೊಪ್ಪಿನ ಅಡಿಗೆ ಬೇರೆ. ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಅಕ್ಕಿ ತರಿ ಕಡುಬು, ಅದರ ಜೊತೆಗಿನ ಕೋಳಿ ಸಾರು ಇನ್ನೂ ಬೇರೆ. ಕುವೆಂಪು ಕಾದಂಬರಿ ಓದಿದವರಿಗೆ ಈ ಮೂರನೆಯದರ ಪರಿಚಯ ಇದ್ದೇ ಇರುತ್ತದೆ. ತೀರ್ಥಹಳ್ಳಿಗೆ ಹೋದ ದಿನ ಕುಪ್ಪಳಿಯ ಕವಿಮನೆಗೂ ಹೋಗಿ ಬನ್ನಿ. ಹಳೆಯ ಮಲೆನಾಡ ಮನೆಯ ಪಾತ್ರೆ ಪರಿಕರಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ, ಆಮೇಲೆ ಯಾರಾದರೂ ಹಳೆಯ ಪಾತ್ರೆಯ ಹೆಸರು ಹೇಳಿದಾಗ ಕಣ್ಣಿಗೆ ಕಟ್ಟುತ್ತದೆ. ಸಸ್ಯಾಹಾರವೋ ಮಾಂಸಾಹಾರವೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಮನೆ ಹುಡುಕಿ. ಒಂದೇ ಮನೆಯಲ್ಲಿ ಎರಡೂ ಕಲಿಯುತ್ತೇವೆ ಎಂದರೆ ಆಗುವುದಿಲ್ಲ.

ಯಾವ ತಿಂಗಳಲ್ಲಿ ಏನು ಎಂಬುದನ್ನು ಮಾತ್ರ ನಿಧಾನವಾಗಿ ಹೇಳಬೇಕು. ಬೆಂಗಳೂರಿನ ತರಗತಿಯಲ್ಲಿ ಪಾಠಪಟ್ಟಿ ಕಲಿಸುವವರ ಕೈಯಲ್ಲಿರುತ್ತದೆ, ಇಲ್ಲಿ ಅದು ಮಳೆ ಬಿಸಿಲಿನ ಕೈಯಲ್ಲಿದೆ.

ಶಿವರಾತ್ರಿಯ ಆಚೀಚೆ ಶುರುವಾಗಿ ಯುಗಾದಿ ದಾಟುವವರೆಗೆ ಅಪ್ಪೆಮಿಡಿಯ ಕಾಲ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಸಾಗರ, ರಿಪ್ಪನ್‌ಪೇಟೆ ಕಡೆ ಮಿಡಿಯನ್ನು ತೂಕಕ್ಕಿಂತ ಹೆಚ್ಚಾಗಿ ಎಣಿಕೆಯ ಲೆಕ್ಕದಲ್ಲಿ ಮಾರುತ್ತಾರೆ, ನೂರಕ್ಕೆ ಇಷ್ಟು ಎಂದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಎಂದು ಮರಕ್ಕೊಂದು ಹೆಸರು, ಪರಿಮಳವೂ ಬೇರೆ ಬೇರೆ. ಮಿಡಿ ಹಾಕುವುದನ್ನು ಒಂದು ದಿನದಲ್ಲಿ ಕಲಿಯಲಾಗುವುದಿಲ್ಲ, ಎರಡು ಸಲ ಹೋಗಬೇಕು. ಮೊದಲ ದಿನ ತೊಟ್ಟು ಸ್ವಲ್ಪ ಉಳಿಯುವಂತೆ ಮಿಡಿ ಬಿಡಿಸಿ, ತೊಳೆದು, ನೀರಿನ ಪಸೆಯಿಲ್ಲದಂತೆ ಒರೆಸಿ, ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಎಂದು ತುಂಬಿ ಭಾರ ಹೇರುವುದು. ತೊಟ್ಟು ಉಳಿಸುವುದು ಚಂದಕ್ಕಲ್ಲ. ತೊಟ್ಟಿನ ಬುಡದ ಸೊನೆಯಲ್ಲಿಯೇ ಮಿಡಿಯ ಪರಿಮಳವಿದೆ, ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ. ಎರಡು ಮೂರು ವಾರದಲ್ಲಿ ಮಿಡಿ ಚಿರುಟಿ, ಉಪ್ಪುನೀರು ಬಿಟ್ಟುಕೊಂಡಿರುತ್ತದೆ. ಆಗ ಎರಡನೇ ಸಲ ಹೋಗಿ, ಆ ನೀರನ್ನು ಬಸಿದು ಕುದಿಸಿ ಆರಿಸಿ, ಸಾಸಿವೆ, ಮೆಣಸಿನಕಾಯಿ ಅರೆದು ಕಲಸುವುದನ್ನು ಕಲಿಯಬೇಕು. ಈ ಎರಡು ದಿನಗಳ ನಡುವೆ ಭರಣಿಯನ್ನು ಆಗಾಗ ಕುಲುಕುವ ಕೆಲಸ ನಿಮ್ಮ ಮನೆಯಲ್ಲಿಯೇ ಆಗಲಿ, ಭರಣಿ ತೆಗೆದುಕೊಂಡು ಹೋಗಿ ತುಂಬಿಸಿಕೊಂಡು ಬನ್ನಿ.

ಮಾರ್ಚ್ ಕೊನೆಯಿಂದ ಮೇ ತನಕ ಹಲಸಿನ ಹಪ್ಪಳ. ಗಂಡ-ಹೆಂಡತಿ ಒಟ್ಟಿಗೆ ಮಾಡಲು ನನ್ನ ಆಯ್ಕೆ ಇದೇ. ಚೆನ್ನಾಗಿ ಬಲಿತ, ಆದರೆ ಹಣ್ಣಾಗದ ಕಾಯನ್ನು ಕೊಯ್ದು ತೊಳೆ ಬಿಡಿಸಬೇಕು. ಕೈಗೆ ಎಣ್ಣೆ ಹಚ್ಚಿಕೊಳ್ಳದಿದ್ದರೆ ಮೇಣದ ಪಾಠ ಮೊದಲಾಗುತ್ತದೆ. ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಕುಟ್ಟಬೇಕು. ಉಂಡೆ ಕಟ್ಟುವವರು ಒಬ್ಬರು, ಮಣೆಯಲ್ಲಿ ಒತ್ತುವವರು ಒಬ್ಬರು, ಚಾಪೆಯ ಮೇಲೆ ಹರಡುವವರು ಇನ್ನೊಬ್ಬರು ಇದ್ದರೇ ಕೆಲಸ ಸಾಗುವುದು. ಅದಕ್ಕೇ ಇಲ್ಲಿ ಹಪ್ಪಳಕ್ಕೆ ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ. ಇವತ್ತು ಅವರು ಇವರ ಮನೆಗೆ, ನಾಳೆ ಇವರು ಅವರ ಮನೆಗೆ. ಹೊಸಬರಿಗೆ ಈ ಮುಯ್ಯಿಗಿಂತ ಒಳ್ಳೆಯ ಪ್ರವೇಶ ಇಲ್ಲ, ಏಕೆಂದರೆ ಹೆಚ್ಚುವರಿ ಎರಡು ಜೊತೆ ಕೈ ಬೇಡ ಎನ್ನುವವರು ಯಾರೂ ಇಲ್ಲ. ಮಧ್ಯಾಹ್ನದೊಳಗೆ ಬಿಸಿಲಿಗೆ ಹರಡಬೇಕಾದ್ದರಿಂದ ಕೆಲಸ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಹತ್ತು ಗಂಟೆಗೆ ಹೋದರೆ ನಿಮಗೆ ಸಿಗುವುದು ಕಾಫಿ ಮಾತ್ರ.

ಮಳೆ ಹಿಡಿದ ಮೇಲೆ ಕಳಲೆ, ಕೆಸು. ಈ ಎರಡನ್ನೂ ಪುಸ್ತಕ ನೋಡಿ ಮಾಡಬೇಡಿ, ಗೊತ್ತಿದ್ದವರ ಹತ್ತಿರವೇ ಕಲಿಯಿರಿ. ಕಳಲೆ ಎಂದರೆ ಬಿದಿರಿನ ಎಳೆಯ ಮೊಳಕೆ. ಹಸಿಯದರಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಹೆಚ್ಚಿದ ಹೋಳುಗಳನ್ನು ಎರಡು ಮೂರು ದಿನ ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಿದರೆ ಮಾತ್ರ ತಿನ್ನಲು ಯೋಗ್ಯ. ನೆನೆಸಿದ ನೀರನ್ನು ದನಗಳಿಗೂ ಇಡಬಾರದು ಎಂದು ಹಿರಿಯರು ಹೇಳುವುದು ಮೂಢನಂಬಿಕೆಯಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಪತ್ರೊಡೆಯ ಹಿಟ್ಟಿಗೆ ಹುಳಿ ಧಾರಾಳವಾಗಿ ಹಾಕುವುದು, ಹಬೆಯಲ್ಲಿ ಬಹಳ ಹೊತ್ತು ಬೇಯಿಸುವುದು ಎರಡೂ ಆ ಕಾರಣಕ್ಕೇ. ಮರದ ಮೇಲೆ ಬೆಳೆಯುವ ಮರಕೆಸುವನ್ನು ಗುರುತು ಹಿಡಿಯುವುದೂ ಒಂದು ಪಾಠ. ಒಂದೇ ನೋಟಕ್ಕೆ ಬರುವ ವಿದ್ಯೆ ಅಲ್ಲ ಅದು. ಹಾಗೆಯೇ ಕಾಡಿನಿಂದ ಕಳಲೆ ಕೀಳಲು ನೀವಾಗಿಯೇ ಹೊರಡಬೇಡಿ, ಅರಣ್ಯದ ಕಾನೂನು ಇದೆ.

ಆಶ್ವಯುಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಬರುತ್ತದೆ. ರೈತರ ಮನೆಗಳಲ್ಲಿ ರಾತ್ರಿಯಿಡೀ ಅಡಿಗೆ ನಡೆಯುತ್ತದೆ, ನಾನಾ ಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಬೆಳಗಿನ ಜಾವ ಗದ್ದೆಗೆ ಬೀರುತ್ತಾರೆ, ದೀವರ ಮನೆಯ ಚಿತ್ತಾರದ ಬುಟ್ಟಿ ಆ ದಿನ ಹೊರಡುತ್ತದೆ. ಅದು ಪೂಜೆ. ಕರೆದರೆ ಹೋಗಿ, ಕಲಿಯಲು ಬರುತ್ತೇವೆ ಎಂದು ಕೇಳಿಕೊಂಡು ಹೋಗುವ ಜಾಗವಲ್ಲ.

ಚಳಿ ಇಳಿದಂತೆ ಆಲೆಮನೆ. ಕಬ್ಬಿನ ಹಾಲು ಕುದಿಸಿ ಜೋನಿಬೆಲ್ಲ ಮಾಡುವ ಹೊತ್ತಿನಲ್ಲಿ ತೊಡದೇವು ಮಾಡುವುದನ್ನು ಒಮ್ಮೆಯಾದರೂ ನೋಡಲೇಬೇಕು. ಅಕ್ಕಿಯನ್ನು ನುಣ್ಣಗೆ ಅರೆದು ಕಬ್ಬಿನ ಹಾಲಿನಲ್ಲಿ ತೆಳ್ಳಗೆ ಕಲಸುತ್ತಾರೆ. ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ ಕಾಯಿಸಿ, ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಎಳೆಯುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಕಾಗದದಷ್ಟು ತೆಳುವಾದ ಹಾಳೆ ಏಳುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ಒಬ್ಬರು ಎಳೆಯಬೇಕು, ಇನ್ನೊಬ್ಬರು ಮಡಚಬೇಕು. ಮೊದಲ ಹತ್ತು ಹರಿಯುತ್ತವೆ, ಯಾರ ತಪ್ಪು ಎಂದು ಇಬ್ಬರೂ ಅಲ್ಲೇ ಜಗಳಕ್ಕೆ ಬೀಳಬೇಡಿ. ಹರಿದದ್ದನ್ನೂ ಹಾಲು ತುಪ್ಪದ ಜೊತೆ ತಿನ್ನಬಹುದು.

ಇವೆಲ್ಲಕ್ಕೂ ಕಾಯಬೇಕಲ್ಲ ಎನ್ನಿಸಿದರೆ ತಂಬುಳಿಯಿಂದ ಶುರು ಮಾಡಿ. ವರ್ಷವಿಡೀ ಆಗುವಂಥದ್ದು ಅದು, ಪಕ್ಕದ ಮನೆಯವರೇ ಸಾಕು ಗುರುವಾಗಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಹಾಕಿ ಅರೆದು ಮಜ್ಜಿಗೆಗೆ ಬೆರೆಸುವುದು, ಅಷ್ಟೇ. ಆಮೇಲೆ ಕುದಿಸುವುದಿಲ್ಲ. ಉತ್ತರ ಕರ್ನಾಟಕದವರು ಅಭ್ಯಾಸಬಲದಿಂದ ಒಲೆಯ ಮೇಲಿಡಲು ಹೋಗುತ್ತಾರೆ, ಅಲ್ಲಿಗೆ ಅದು ಒಡೆದುಹೋಗುತ್ತದೆ. ತಂಬುಳಿ ಕೈಗೆ ಹತ್ತಿದ ಮೇಲೆ ಹುಳಿಗಳ ಕಡೆ ಗಮನ ಕೊಡಿ. ನಿಮ್ಮಲ್ಲಿ ಹುಳಿಯೆಂದರೆ ಹುಣಸೆಹಣ್ಣು. ಇಲ್ಲಿ ಮುರುಗಲು, ವಾಟೆಹುಳಿ, ಅಪ್ಪೆಕಾಯಿ ಎಂದು ಹಲವು ಇವೆ, ಯಾವ ಪದಾರ್ಥಕ್ಕೆ ಯಾವ ಹುಳಿ ಎಂಬುದು ತಿಳಿದರೆ ಇಲ್ಲಿಯ ಅಡಿಗೆಯ ಬಹುಪಾಲು ತಿಳಿದಂತೆ.

ಸಂಕೋಚವಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ಮನೆಗಳಲ್ಲಿ ಈಗಲೂ ಅಡಿಗೆಮನೆಗೆ ಮಡಿಯ ಕಟ್ಟು ಇದೆ. ಸ್ನಾನ ಮಾಡದೆ ಒಳಗೆ ಬರಬಾರದು, ದೇವರ ನೈವೇದ್ಯವಾಗುವ ತನಕ ಹೊರಗಿನವರು ಬರಬಾರದು ಎಂದೆಲ್ಲ ಇರುತ್ತದೆ. ಕೆಲವೆಡೆ ಅದು ನೀವು ಯಾವ ಜಾತಿ ಎಂಬ ಪ್ರಶ್ನೆಗೂ ಹೋಗಿ ನಿಲ್ಲುತ್ತದೆ. ಇದು ಸರಿಯೆಂದು ನಾನು ಹೇಳುವುದಿಲ್ಲ. ಅಂಥ ಮನೆಯಲ್ಲಿ ಬಾಗಿಲಾಚೆ ನಿಂತು ಕಲಿಯುವ ಹಣೆಬರಹ ನಿಮಗೂ ಬೇಡ. ಫೋನಿನಲ್ಲಿಯೇ "ನಾವಿಬ್ಬರೂ ಒಳಗೆ ಬಂದು ಮಾಡಬಹುದು ತಾನೆ?" ಎಂದು ನೇರವಾಗಿ ಕೇಳಿ. ತಡವರಿಸಿದರೆ ಇನ್ನೊಂದು ಮನೆ ನೋಡಿ. ಹಿತ್ತಿಲ ಜಗಲಿಯಲ್ಲಿ ನಡೆಯುವ ಹಪ್ಪಳ, ಅಂಗಳದ ಆಲೆಮನೆಗಳಿಗೆ ಈ ತಾಪತ್ರಯ ಕಡಿಮೆ, ಶುರುವಿಗೆ ಅವನ್ನು ನಾನು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಸಮಾರಂಭದ ಅಡಿಗೆಯನ್ನು ಹತ್ತಿರದಿಂದ ನೋಡುವ ಆಸೆ ನಿಮಗಿದ್ದರೆ ಅಡಿಗೆ ಭಟ್ಟರ ಹತ್ತಿರ ಮಾತಾಡಬಹುದು. ಮದುವೆಯ ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಊರವರೆಲ್ಲ ಸೇರುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಗಂಡಸರು, ಹೆಂಗಸರು, ನೆಂಟರು ಎಲ್ಲ ಒಟ್ಟಿಗೆ ಕೂರುತ್ತಾರೆ, ಸಹೋದ್ಯೋಗಿಯ ಮನೆಯ ಮದುವೆಗೆ ಆಮಂತ್ರಣ ಬಂದರೆ ಹಿಂದಿನ ದಿನವೇ ಹೋಗಿ. ನೂರು ತೆಂಗಿನಕಾಯಿಯ ಅಳತೆಯಲ್ಲಿ ಕಲಿತದ್ದನ್ನು ಇಬ್ಬರ ಅಳತೆಗೆ ಇಳಿಸುವುದು ಮಾತ್ರ ಕಷ್ಟ. ಅದಕ್ಕೆ ಹೆಚ್ಚಿನ ನಿರೀಕ್ಷೆ ಬೇಡ.

ಹಣದ ಮಾತು. ಹೋಂಸ್ಟೇಯಲ್ಲಿ ವಸತಿಯ ದರದ ಜೊತೆಗೆ ಕಲಿಕೆಗೆ ಎಷ್ಟು ಎಂದು ಮೊದಲೇ ಕೇಳಿ, ಕೊಡಿ. ಹೇಳಿಕೊಡುವವರ ಅರ್ಧ ದಿನಕ್ಕೆ ಬೆಲೆಯಿದೆ. ಸಂಘದವರಲ್ಲಿ ಕಲಿತರೆ ಅವರ ಹಪ್ಪಳ, ಉಪ್ಪಿನಕಾಯಿ ಕೊಂಡುಕೊಳ್ಳಿ. ಪರಿಚಯದ ಮನೆಯಲ್ಲಿ ನೋಟು ಕೈಗಿಡಲು ಹೋದರೆ ಮಾತ್ರ ಅವರಿಗೆ ಬೇಸರವಾಗುತ್ತದೆ. ಅಲ್ಲಿ ಮುಯ್ಯಿಗೆ ಮುಯ್ಯಿ. ನಿಮ್ಮ ಕೈಯಲ್ಲಿ ಇಲ್ಲಿಯವರಿಗೆ ಬಾರದ ವಿದ್ಯೆ ಒಂದಿದೆ: ಬಡಿದು ಮಾಡುವ ಜೋಳದ ರೊಟ್ಟಿ. ನಿಮ್ಮ ಶ್ರೀಮತಿಯವರು ಬಡಿಯಲಿ, ನೀವು ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ, ಕಲಿಸಿದವರನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಅಕ್ಕಿ ರೊಟ್ಟಿಯ ಕೈಗಳಿಗೆ ಜೋಳದ ಹಿಟ್ಟು ಒಮ್ಮೆಗೇ ಒಗ್ಗುವುದಿಲ್ಲ, ಅವರೂ ಎರಡು ಮೂರು ಭಾನುವಾರ ಬರಬೇಕಾಗುತ್ತದೆ. ಹಿಟ್ಟನ್ನು ಮಾತ್ರ ಊರಿನಿಂದಲೇ ಹೊಸದಾಗಿ ಬೀಸಿಸಿ ತರಿಸಿ. ಹಳೆಯ ಹಿಟ್ಟಿಗೆ ಜಿಗುಟಿರುವುದಿಲ್ಲ, ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಶಿಷ್ಯರ ಎದುರಿಗೆ ಗುರುಗಳ ರೊಟ್ಟಿ ಬಿರಿಯುವುದು ಬೇಡ.